ಸೆರಗಿನ ಗಂಟಿನಲ್ಲಿ ಪರಮಪ್ರಸಾದ

ನನ್ನ ಮಗಳ ಎರಡನೆಯ ಮದುವೆಯಲ್ಲಿ ಅವಳ ಮಗಳೇ ಹೂವಿನ ಬುಟ್ಟಿ ಹಿಡಿದು ಮುಂದೆ ನಡೆದಳು. ಗಂಡು ಮಾತ್ರ ಹಳೆಯವನೇ. ಈ ಮಾತನ್ನು ಬಿಂಡಿಗನವಿಲೆಯಿಂದ ನಾಗಮಂಗಲಕ್ಕೆ ಹೋಗುವ ಬಸ್ಸಿನ ಕಂಡಕ್ಟರಿಗೂ ಹೇಳಿದ್ದೇನೆ, ಸಂತೆಯಲ್ಲಿ ಸೊಪ್ಪು ಮಾರುವವಳಿಗೂ ಹೇಳಿದ್ದೇನೆ. ಎಷ್ಟು ಹೇಳಿದರೂ ಹಾಲು ಉಕ್ಕಿದ ಹಾಗೆ ಮತ್ತೆ ಉಕ್ಕುತ್ತದೆ. ಬಾಯಲ್ಲಿ ಹೇಳಿದ್ದು ಸಾಲದೆ ಈಗ ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಒತ್ತಕ್ಷರ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ಅವಳಿಗೆ ಬಾರದ್ದು ಯಾವುದೂ ಇಲ್ಲ, ಬೇಕಾದರೆ ಬಂದು ನೋಡಿ.

ಮಗಳು ಪಾಂಡವಪುರದಲ್ಲಿ ನರ್ಸು. ಅಳಿಯ ಅಲ್ಲೇ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾನೆ. ಕ್ಯಾಥೊಲಿಕ್ ಕ್ರೈಸ್ತರ ಹುಡುಗ. ಇಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಸೈನು ಹಾಕಿ ಮದುವೆಯಾದಾಗ ಎರಡು ಮನೆಯವರೂ ಬಾಗಿಲು ಹಾಕಿಕೊಂಡರು. ನಮ್ಮ ಕಡೆ ಹಾಕಿದವರು ನನ್ನ ಯಜಮಾನರು. ಆ ಕಡೆ ಹಾಕಿದವರು ಅಳಿಯನ ತಾಯಿ, ಕೆ.ಆರ್.ಪೇಟೆ ಕಡೆಯಿಂದ ಬಂದ ನನ್ನ ಬೀಗಿತ್ತಿ. ಸೊಸೆ ತಮ್ಮ ಮತಕ್ಕೆ ಸೇರಿದರೆ ಮಾತ್ರ ಚರ್ಚಿನಲ್ಲಿ ಮದುವೆ, ಇಲ್ಲದಿದ್ದರೆ ಅದು ಮದುವೆಯೇ ಅಲ್ಲ ಎಂದು ಆಕೆ. ಚರ್ಚಿನ ಮದುವೆ ಎಂದರೆ ಮತ ಬಿಡಿಸುವುದು, ಆದ್ದರಿಂದ ಆ ಕಡೆ ತಲೆ ಹಾಕಬಾರದು ಎಂದು ಇವರು. ಇಬ್ಬರನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿ ಕೂರಿಸಿದರೆ ಮುಳ್ಳು ಅಲುಗುವುದಿಲ್ಲ.

ಯಜಮಾನರ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮೂರ ದೇವಸ್ಥಾನದಲ್ಲಿ ಶನಿವಾರದ ಪುಳಿಯೋಗರೆ ಹಂಚುವ ಸೌಟು ಇವರ ಕೈಯಲ್ಲಿದೆ. ಇವರ ಅಪ್ಪನ ಕೈಯಲ್ಲಿತ್ತು, ಈಗ ಇವರಿಗೆ ಬಂದಿದೆ. ಮೊದಲು ಯಾರಿಗೆ, ಆಮೇಲೆ ಯಾರಿಗೆ, ಯಾರಿಗೆ ಎಷ್ಟು ಎನ್ನುವುದೆಲ್ಲ ಇವರಿಗೆ ಬಾಯಿಪಾಠ. ಊರಾಚೆಯ ಕಾಲೋನಿಯವರೂ ಈಗ ಒಳಗೆ ಬರುತ್ತಾರೆ. ಬರಬೇಡಿ ಎನ್ನುವ ಧೈರ್ಯ ಇವರಿಗಿಲ್ಲ. ಆದರೆ ಅವರು ಕೈಯೊಡ್ಡಿದ ಕೂಡಲೇ ಸೌಟು ಎರಡು ಗೇಣು ಮೇಲೇರುತ್ತದೆ. ಅಲ್ಲಿಂದ ಬಿದ್ದದ್ದು ಅರ್ಧ ಕೈಗೆ, ಅರ್ಧ ನೆಲಕ್ಕೆ. ನಮ್ಮೂರ ದೇವಸ್ಥಾನದ ಇರುವೆಗಳು ದುಂಡುದುಂಡಾಗಿವೆ.

ಮೊಮ್ಮಗಳು ಹುಟ್ಟಿದಾಗ ನಾನು ಯಾರನ್ನೂ ಕೇಳದೆ ತುಪ್ಪದ ಡಬ್ಬ ಹಿಡಿದುಕೊಂಡು ಬಸ್ಸು ಹತ್ತಿದೆ. ತಿಂಗಳು ಕಳೆದು ಹಿಂದಿರುಗಿದಾಗ ಯಜಮಾನರು ಗೋಡೆ ನೋಡುತ್ತಾ ಕೇಳಿದರು.

"ಯಾರಂಗವ್ಳೆ?"

"ನಿಮ್ಮಂಗೇಯ. ಯಾವಾಗ್ಲೂ ಮೂತಿ ಊದಿಸ್ಕಂಡಿರ್ತಾಳೆ."

ಅವಳು ಮೂರು ವರ್ಷದವಳಾದಾಗ ಊರಿಗೆ ಕರೆತಂದೆ. ತಾತನ ತೊಡೆಯಿಂದ ಇಳಿಯಲಿಲ್ಲ. ಆಮೇಲೆ ಪ್ರತಿ ರಜೆಗೂ ಬಂದಳು. ಮಗಳಿಗೆ ಮಾತ್ರ ಬಾಗಿಲು ಹಾಗೆಯೇ ಇತ್ತು. ಅಲ್ಲಿ ಬೀಗಿತ್ತಿಯದೂ ಇದೇ ಕಥೆ. ಮಗುವನ್ನು ಎತ್ತಿಕೊಂಡು ಹೋಗಿ ಚರ್ಚಿನಲ್ಲಿ ತಲೆಗೆ ನೀರು ಹಾಕಿಸಿ ಹೆಸರಿಡಿಸಿದರು, ಭಾನುವಾರದ ಪಾಠಕ್ಕೆ ಸೇರಿಸಿದರು. ಆದರೆ ಸೊಸೆಯ ಮನೆಯಲ್ಲಿ ಒಂದು ಲೋಟ ನೀರು ಕುಡಿದವರಲ್ಲ. ಮಗುವನ್ನು ಕರೆಯುವುದಕ್ಕೂ ಗೇಟಿನ ಹೊರಗೇ ನಿಲ್ಲುತ್ತಿದ್ದರು.

ಮೊಮ್ಮಗಳಿಗೆ ಒಂಬತ್ತು ತುಂಬಿದಾಗ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಕೊಡುವುದೆಂದು ಗೊತ್ತಾಯಿತು. ಅವರ ಮಕ್ಕಳಿಗೆ ಅದು ದೊಡ್ಡ ಹಬ್ಬ. ಬೀಗಿತ್ತಿ ಆಗಲೇ ಬಿಳಿಯ ಫ್ರಾಕು, ತಲೆಗೆ ಹಾಕುವ ಬಲೆ, ಬಿಳಿಯ ಚಪ್ಪಲಿ ಎಲ್ಲ ತಂದಿಟ್ಟಿದ್ದರು. ಒಂದು ಸಂಜೆ ಮಗಳು ಫೋನು ಮಾಡಿದಳು.

"ಅವ್ವಾ, ನಿನ್ ಮೊಮ್ಮಗ್ಳು ಒಲ್ಲೆ ಅಂತ ಕುಂತವ್ಳೆ. ಅವ್ರಪ್ಪ ತಗಂಡ್ರೆ ತಗೊತಾಳಂತೆ. ಇಲ್ದೋದ್ರೆ ಬೇಡ್ವಂತೆ."

"ಅವ್ರಪ್ಪ ತಗಳದಿಲ್ವಾ?"

"ಇಲ್ಲ ಕಣವ್ವ. ಮದ್ವೆ ಆದಾಗ್ನಿಂದ್ಲೂ ಇಲ್ಲ."

ನನಗೆ ಏನೂ ಅರ್ಥವಾಗಲಿಲ್ಲ. ಭಾನುವಾರ ನೋಡಿಯೇ ಬಿಡೋಣವೆಂದು ಹೊರಟೆ.

ಚರ್ಚು ಇದ್ದದ್ದು ಶ್ರೀರಂಗಪಟ್ಟಣದ ಕಡೆ. ಮಗಳಿಗೆ ಅಂದು ಡ್ಯೂಟಿ. ಅಳಿಯ, ನಾನು, ಮೊಮ್ಮಗಳು ಹಿಂದಿನ ಬೆಂಚಿನಲ್ಲಿ ಕುಳಿತೆವು. ಬೀಗಿತ್ತಿ ಮುಂದಿನ ಬೆಂಚಿನಲ್ಲಿ ಜಪಮಣಿ ಹಿಡಿದು, ದೇವರಿಗೆ ತಾನೇ ಕಾವಲು ಎನ್ನುವ ಹಾಗೆ ನೆಟ್ಟಗೆ ಕುಳಿತಿದ್ದರು. ಪೂಜೆ ನಡೆಯಿತು. ಕೊನೆಕೊನೆಗೆ ಜನ ಎದ್ದು ಸಾಲು ಹಿಡಿದರು. ಫಾದರ್ ಒಬ್ಬೊಬ್ಬರ ಅಂಗೈಗೂ ರೂಪಾಯಿಯಗಲದ ಬೆಳ್ಳನೆಯ ರೊಟ್ಟಿಚೂರು ಇಡುತ್ತಿದ್ದರು. ಅಳಿಯ ಮಾತ್ರ ತನ್ನ ಶೂಸಿನ ತುದಿ ನೋಡುತ್ತಾ ಕುಳಿತ. ಮೊಮ್ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ನಾನು ಮೊಣಕೈಯಿಂದ ತಿವಿದೆ. "ಏಳಪ್ಪ, ಮುಗ್ದೋಯ್ತದೆ."

"ನಂಗಿಲ್ಲ ಕಣತ್ತೆ," ಎಂದ.

ದೇವರ ಮನೆಯಲ್ಲಿ ಇಲ್ಲವೆನ್ನುವುದು ಎಲ್ಲಾದರೂ ಉಂಟೇ ಎಂದುಕೊಂಡೆ. ಹುಡುಗ ನಾಚಿಕೊಂಡಿದ್ದಾನೆ, ನಾನೇ ತಂದುಕೊಟ್ಟರಾಯಿತು. ನಮ್ಮೂರಲ್ಲಿ ಪ್ರಸಾದವನ್ನು ಅಲ್ಲೇ ನಿಂತು ಬಾಯಿಗೆ ಹಾಕಿಕೊಳ್ಳುವವರು ಕಡಿಮೆ. ಬರಲಾಗದವರ ಪಾಲನ್ನು ಸೆರಗಿಗೆ ಕಟ್ಟಿಕೊಂಡು ಒಯ್ಯುವುದೇ ಪದ್ಧತಿ. ಉಳಿದ ಹೆಂಗಸರ ಹಾಗೆ ನಾನೂ ಹಣೆ ಮುಚ್ಚುವಂತೆ ಸೆರಗು ಹೊದ್ದು ಸಾಲಿನಲ್ಲಿ ನಿಂತೆ. ಫಾದರ್ ತಲೆ ಎತ್ತಲಿಲ್ಲ. ಕೈಗೆ ಇಟ್ಟು ಏನೋ ಹೇಳಿದರು. "ಆಯ್ತು ಸ್ವಾಮಿ," ಎಂದೆ. ಸೆರಗಿನ ತುದಿಗೆ ಅದನ್ನು ಗಂಟು ಹಾಕಿಕೊಂಡು ಮತ್ತೆ ಕೈಯೊಡ್ಡಿದೆ. "ಇನ್ನೊಂದು ಕೊಡಿ. ಅಳಿಯಂದ್ರು ಅಲ್ಲಿ ಕುಂತವ್ರೆ, ಅವ್ರಿಗೆ."

ಈಗ ತಲೆ ಎತ್ತಿದರು. ಸೆರಗು ಜಾರಿ ಕಂಡ ನನ್ನ ಕುಂಕುಮ ನೋಡಿದರು, ಗಂಟು ನೋಡಿದರು. ಪಾಪ, ಗದರಲಿಲ್ಲ. "ಅಮ್ಮಾ, ಅದನ್ನ ನನಗೆ ವಾಪಸ್ ಕೊಡ್ತೀರಾ?" ಎಂದರು. ಹಿಂದೆ ಸಾಲು ಪೂರ್ತಿ ನಿಂತಿತು. ಎಲೆಅಡಿಕೆ ಕಟ್ಟಿದ್ದ ಹಳೆಯ ಗಂಟು, ಈಗಿನ ಹೊಸ ಗಂಟು ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಬಿಚ್ಚಿದರೆ ರೊಟ್ಟಿಯ ಜೊತೆಗೆ ಅಡಿಕೆ ಚೂರು, ಹೊಗೆಸೊಪ್ಪಿನ ಪುಡಿ, ಒಣಗಿದ ಸುಣ್ಣ. ಫಾದರ್ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ, ಮರ್ಯಾದೆಯಿಂದ, ನನ್ನ ಸುಣ್ಣದ ಸಮೇತ ತಾವೇ ಬಾಯಿಗೆ ಹಾಕಿಕೊಂಡರು. ಬೀಗಿತ್ತಿ ಎದೆ ಹಿಡಿದುಕೊಂಡರು. ನನಗೆ ಅವಮಾನವಾಗಿ ಕಿವಿ ಬಿಸಿಯಾಗಿದ್ದರೂ ಅದನ್ನು ನೋಡಿ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

ಪೂಜೆ ಮುಗಿದ ಮೇಲೆ ಫಾದರ್ ತಾವಾಗಿಯೇ ನಮ್ಮ ಹತ್ತಿರ ಬಂದರು. ಹೊಸದಾಗಿ ಬಂದಿದ್ದವರು, ಚಿಕ್ಕ ವಯಸ್ಸು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಮಗೆ ಇದು ಬರೀ ಗುರುತಲ್ಲ, ಕ್ರಿಸ್ತರೇ. ಹಾಗಂತ ನಂಬಿ, ದೀಕ್ಷಾಸ್ನಾನ ಪಡೆದು, ದೊಡ್ಡ ಪಾಪ ಏನಾದ್ರೂ ಇದ್ರೆ ಮೊದಲು ನಿವೇದನೆ ಮಾಡ್ಕೊಂಡು ಬಂದವರು ತಗೋತಾರೆ. ನೀವು ಕೀಳು ಅಂತಲ್ಲ."

"ಸರಿ ಸ್ವಾಮಿ. ನಾನು ವರಗ್ನೋಳು, ಒಪ್ಕಂಡೆ. ಇವ್ನು ನಿಮ್ಮೋನೇ ಅಲ್ವಾ? ಇವ್ನಿಗ್ಯಾಕಿಲ್ಲ?"

ಅಳಿಯನೇ ಹೇಳಿದ. "ನಮ್ದು ಚರ್ಚಲ್ಲಿ ಆಗಿಲ್ವಲ್ಲ ಅತ್ತೆ. ಅಂಗೆ ಜೊತೇಲಿ ಬಾಳ್ತಿರೋರು ತಗಬಾರ್ದು."

"ಅಂಗಾರೆ ನನ್ ಮಗ್ಳು ಏನು, ನೀನು ಇಟ್ಕಂಡೋಳಾ?"

ಫಾದರ್ ಮುಖ ಕೆಂಪಾಯಿತು. ಹಾಗನ್ನಬೇಡಿ ಎಂದರು. ನಾನು ಬಿಡಲಿಲ್ಲ. "ಇನ್ನೊಂದು ಕೇಳ್ತೀನಿ. ಸೊಸೆ ಮನೇಲಿ ಅತ್ತು ವರ್ಸದಿಂದ ನೀರು ಕುಡೀದೋರ್ಗೆ ನೀವು ಕೊಟ್ರಲ್ಲ, ಅದೆಂಗೆ?"

ಬೀಗಿತ್ತಿ ಕೆಮ್ಮಿದರು. ಫಾದರ್ ಅವರ ಕಡೆ ನೋಡದೆ ಹೇಳಿದರು. "ಅದನ್ನ ಅವರವರ ಮನಸ್ಸೇ ನೋಡ್ಕೋಬೇಕು ಅಮ್ಮ. ಮುಖ ನೋಡಿ ಅಳೆಯೋಕೆ ನನಗಾಗಲ್ಲ."

ಹಾಗಾದರೆ ಕಾಣುವ ತಪ್ಪಿಗೆ ಬೆಂಚು, ಕಾಣದ ತಪ್ಪಿಗೆ ಸಾಲು. ಇದು ನಮ್ಮೂರಲ್ಲೂ ಇರುವುದೇ. ನಾನು ಹೆಚ್ಚು ಆಶ್ಚರ್ಯಪಡಲಿಲ್ಲ.

ಫಾದರ್ ಅಳಿಯನ ಕಡೆ ತಿರುಗಿದರು. "ಇದನ್ನ ಸರಿ ಮಾಡ್ಬಹುದು. ಇಷ್ಟು ವರ್ಷ ಯಾಕೆ ಬರ್ಲಿಲ್ಲ?"

"ಅವ್ಳು ಮತ ಬುಡಾಕಿಲ್ಲ ಫಾದರ್. ನಾನೂ ಬುಡು ಅನ್ನಾಕಿಲ್ಲ."

"ಬಿಡಬೇಕು ಅಂತ ಯಾರು ಹೇಳಿದ್ದು? ಬಿಷಪ್ಪರ ಅಪ್ಪಣೆ ತರಿಸ್ತೀನಿ. ನೀವು ಮಾತ್ರ ನನ್ನ ನಂಬಿಕೆ ಬಿಡಲ್ಲ, ಮಕ್ಕಳನ್ನ ಅದರಲ್ಲಿ ಬೆಳೆಸೋಕೆ ಕೈಲಾದ್ದು ಮಾಡ್ತೀನಿ ಅಂತ ಮಾತು ಕೊಡ್ಬೇಕು. ಅವರು ಕುಂಕುಮ ಇಟ್ಕೊಂಡೇ ಬಂದು ನಿಂತ್ಕೊಳ್ಳಲಿ."

ಎಲ್ಲರೂ ಬೀಗಿತ್ತಿಯನ್ನು ನೋಡಿದೆವು. ಅವರು ಜಪಮಣಿ ನೋಡುತ್ತಾ, "ನಮ್ಮವ್ವ ಅಂಗೇ ಏಳ್ತಿದ್ರು," ಎಂದರು.

ಹತ್ತು ವರ್ಷ. ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಇಲ್ಲದ ಬೇಲಿಗೆ ಕಾವಲು ಕುಳಿತಿದ್ದರು. ಒಬ್ಬರಾದರೂ ಹೋಗಿ ಕೇಳಬೇಡವೇ? ದೊಡ್ಡವರು ಕೇಳುವುದಿಲ್ಲ, ಹೇಳುತ್ತಾರೆ. ಅದಕ್ಕೇ ಅವರು ದೊಡ್ಡವರು.

ಸರಿ, ದಾರಿ ಸಿಕ್ಕಿತಲ್ಲ ಎಂದುಕೊಂಡರೆ ಮಗಳು ಇನ್ನೊಂದು ತೆಗೆದಳು. "ಒಂದ್ಸಲ ಅಪ್ಪ ಇಲ್ದೆ ಮದ್ವೆ ಆದೆ. ಎಲ್ಡ್ನೇ ಸಲಾನೂ ಅಪ್ಪ ಇಲ್ದೆ ನಾನು ನಿಂತ್ಕಳಾಕಿಲ್ಲ ಕಣವ್ವ." ಅಲ್ಲಿಗೆ ಮಗುವಿನ ಹಬ್ಬ ಅಳಿಯನ ಮೇಲೆ ನಿಂತಿತು, ಅಳಿಯನದು ಮದುವೆಯ ಮೇಲೆ, ಮದುವೆ ಬಂದು ನನ್ನ ಯಜಮಾನರ ಊದಿದ ಮೂತಿಯ ಮೇಲೆ ನಿಂತಿತು.

ಊರಿಗೆ ಬಂದು ಎಲ್ಲ ಹೇಳಿದೆ. ಜಗಲಿಯ ಮೇಲೆ ಎಲೆ ಹಾಕಿಕೊಳ್ಳುತ್ತಿದ್ದವರು ರೊಟ್ಟಿ ಕೊಡದ ಮಾತು ಮಾತ್ರ ಹಿಡಿದುಕೊಂಡರು.

"ನಾನು ಅಲ್ಲಿಗೋದ್ರೂ ನಂಗೆ ಕೊಡಾಕಿಲ್ವಾ?"

"ಇಲ್ಲ."

"ಇಂತೋರ್ಗೆ ಕೊಡ್ತೀವಿ, ಇಂತೋರ್ಗೆ ಕೊಡಾಕಿಲ್ಲ ಅನ್ನಾಕೆ ಅವ್ರ್ಯಾರು?"

ನನಗೆ ನಗು ತಡೆಯಲಾಗಲಿಲ್ಲ. "ಈ ಮಾತ್ನ ನೀವು ಏಳ್ಬೇಕಾ? ಅವ್ರು ಕೊಡ್ದೆ ಇದ್ರೂ ಯಾಕೆ ಅಂತ ಕೂರುಸ್ಕಂಡು ಏಳುದ್ರು. ನಿಮ್ ಸೌಟು ಯಾರ್ಗಾರ ಯಾಕೆ ಅಂತ ಏಳ್ತದಾ?"

ಅಂದು ಊಟ ಮಾಡಲಿಲ್ಲ. ಮರುದಿನ ಗೋಡೆಗೆ ಮುಖ ಮಾಡಿ ಮಲಗಿದರು. ಮೂರನೆಯ ದಿನ ಮೊಮ್ಮಗಳ ಫೋನು ಬಂತು. ನನ್ನನ್ನಲ್ಲ, ತಾತನನ್ನು ಕೇಳಿದಳು.

"ತಾತ, ನೀವು ಬಂದ್ರೆ ಅಮ್ಮನ ಮದ್ವೆ. ಅಮ್ಮನ ಮದ್ವೆ ಆದ್ರೆ ಅಪ್ಪ. ಅಪ್ಪ ಆದ್ರೆ ನಾನು. ಬೇಗ ಬನ್ನಿ, ಫ್ರಾಕು ಬಿಗಿ ಆಗ್ತಾ ಇದೆ."

ಯಜಮಾನರು ಫೋನು ಕೆಳಗಿಟ್ಟು, ಬಿಳಿ ಪಂಚೆ ಎಲ್ಲಿದೆ ಎಂದು ಕೇಳಿದರು. ನೋಡಿ, ನನ್ನ ಮೊಮ್ಮಗಳು ಹೇಗೆ. ಹತ್ತು ವರ್ಷ ನಾನು ಬಡಿದುಕೊಂಡದ್ದನ್ನು ಒಂದು ಉಸಿರಿನಲ್ಲಿ ಮುಗಿಸಿದಳು.

ಅಪ್ಪಣೆಯ ಕಾಗದ ಬಂದ ಮೇಲೆ ಒಂದು ಶನಿವಾರ ಸಂಜೆ ಮದುವೆಯಾಯಿತು. ಜನ ಹತ್ತು ಮಂದಿ ಇರಲಿಲ್ಲ. ಮಗಳು ನನ್ನ ಧಾರೆ ಸೀರೆ ಉಟ್ಟಿದ್ದಳು, ಹಣೆಯಲ್ಲಿ ಕಾಸಿನಗಲ ಕುಂಕುಮ. ಗಂಡನಾಗಿ ಒಪ್ಪುತ್ತೀಯಾ ಎಂದು ಫಾದರ್ ಕೇಳಿದಾಗ ಅವಳು ಒಪ್ಪುತ್ತೇನೆ ಎನ್ನುವ ಮೊದಲೇ ಮೊಮ್ಮಗಳು "ಹೂಂ" ಎಂದಳು. ಯಜಮಾನರು ಕಣ್ಣೊರೆಸಿಕೊಂಡರು. ಧೂಪದ ಹೊಗೆ ಎಂದರು. ಅಂದು ಧೂಪ ಹಾಕಿರಲಿಲ್ಲ.

ಮದುವೆಗೆ ಮುಂಚೆಯೇ ಅಳಿಯ, ಮೊಮ್ಮಗಳು ಇಬ್ಬರೂ ಪಾಪನಿವೇದನೆ ಮಾಡಿ ಬಂದಿದ್ದರು. ಅವಳು ನನ್ನ ಕಿವಿಯಲ್ಲಿ ಹೇಳಿದಳು. "ನಂದು ಎರಡೇ ನಿಮಿಷ ಅಜ್ಜಿ. ಅಪ್ಪಂದು ತುಂಬಾ ಹೊತ್ತು ಆಯ್ತು."

ಮರುದಿನ ಭಾನುವಾರ. ಬಿಳಿಯ ಫ್ರಾಕಿನಲ್ಲಿ ಅವಳು ಮುಂದೆ, ಹಿಂದೆ ಅವರಪ್ಪ. ಅವಳು ನಾಲಿಗೆ ಚಾಚಿದಳು, ತೆಗೆದುಕೊಂಡಳು. ಆಮೇಲೆ ಅವನು ಕೈಯೊಡ್ಡಿದ. ಮೋಟಾರು ಬಿಚ್ಚಿ ಬಿಚ್ಚಿ ಕಪ್ಪಾದ ಆ ಬೆರಳುಗಳು ನನಗೆ ಬೆಂಚಿನಿಂದಲೇ ಕಾಣುತ್ತಿದ್ದವು. ನಾನು ಅತ್ತೆ ಎನ್ನುವುದನ್ನೂ ಮರೆತು ಅತ್ತುಬಿಟ್ಟೆ.

ತೆಗೆದುಕೊಳ್ಳದವರು ಎದೆಯ ಮೇಲೆ ಕೈಕಟ್ಟಿಕೊಂಡು ಬಂದರೆ ಆಶೀರ್ವಾದ ಮಾಡುತ್ತೇನೆ ಎಂದು ಫಾದರ್ ಮೊದಲೇ ಹೇಳಿದ್ದರು. ಮಗಳು ಹಾಗೆಯೇ ಹೋದಳು. ನಾನು ಏಳುವಾಗ ಯಜಮಾನರು ನನ್ನ ಸೆರಗು ಹಿಡಿದರು.

"ಕೈಕಟ್ಕಂಡು ನಿಂತ್ಕಳದಾ? ನಾನಾ?"

ಕೈಕಟ್ಟಿ ನಿಲ್ಲುವುದನ್ನು ಇವರು ನೋಡಿದ್ದು ನಮ್ಮ ಜಗಲಿಯ ಮೇಲಿಂದ. ಕೆಳಗೆ ಅಂಗಳದಲ್ಲಿ ಕಾಲೋನಿಯ ಗಂಡಸರು ಹಾಗೆ ನಿಲ್ಲುತ್ತಿದ್ದರು, ಇವರು ಮೇಲೆ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಮುಂದೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದ ಮೊಮ್ಮಗಳು ಒಂದು ಕಣ್ಣು ತೆರೆದು ಹಿಂದಕ್ಕೆ ನೋಡಿದಳು. ತಾತ ಇನ್ನೂ ಬೆಂಚಿನಲ್ಲೇ ಇದ್ದರು. ಬನ್ನಿ ಎಂದು ಗಲ್ಲ ಅಲುಗಿಸಿದಳು.

ಎದ್ದರು. ಕೈ ಹೇಗೆ ಕಟ್ಟುವುದೆಂದು ತಿಳಿಯದೆ ನನ್ನ ಕಡೆ ನೋಡಿದರು. ನಾನು ಕಟ್ಟಿ ತೋರಿಸಿದೆ. ಸಾಲಿನಲ್ಲಿ ನಿಂತರು, ಫಾದರ್ ಮುಂದೆ ತಲೆ ಬಗ್ಗಿಸಿದರು. ಅವರು ಇವರ ತಲೆಯ ಮೇಲೆ ಕೈಯಿಟ್ಟರು, ಅಂಗೈಯಿಂದ, ಒತ್ತಿ.

ಬಂದು ಕುಳಿತ ಮೇಲೆ ಗೊಣಗಿದರು. "ಬರಿಗೈಲಿ ಕಳುಸ್ಬುಟ್ಟ."

"ಮುಟ್ಟಿ ಕಳುಸ್ದ್ನಲ್ಲ," ಎಂದೆ.

ಮೊಮ್ಮಗಳು ಓಡಿಬಂದು ನಮ್ಮಿಬ್ಬರ ನಡುವೆ ತೂರಿಕೊಂಡಳು. ರುಚಿ ಹೇಗಿತ್ತು ಎಂದು ಕೇಳಿದೆ. "ಏನೂ ರುಚಿ ಇಲ್ಲ ಅಜ್ಜಿ. ಆದ್ರೂ ಚೆನ್ನಾಗಿತ್ತು." ಮಧ್ಯಾಹ್ನ ಬೀಗಿತ್ತಿ ಗೇಟು ದಾಟಿ ಒಳಗೆ ಬಂದು ಸೊಸೆಯ ಕೈಯಿಂದ ನೀರು ಇಸಿದುಕೊಂಡು ಕುಡಿದರು. ಅರ್ಧ ಲೋಟ. ಇರಲಿ, ಹತ್ತು ವರ್ಷಕ್ಕೆ ಅರ್ಧ ಲೋಟ.

ಮುಂದಿನ ಶನಿವಾರ ನಾನು ದೇವಸ್ಥಾನದಲ್ಲಿ ಬೇಕೆಂದೇ ಕಂಬದ ಪಕ್ಕ ನಿಂತು ನೋಡಿದೆ. ಕಾಲೋನಿಯ ಹೆಂಗಸೊಬ್ಬಳು ಕೈಯೊಡ್ಡಿದಳು. ಸೌಟು ಎಂದಿನಂತೆ ಮೇಲೇರಿತು, ನಿಂತಿತು, ಒಂದು ಗೇಣು ಕೆಳಗಿಳಿಯಿತು. ನೆಲಕ್ಕೆ ಬಿದ್ದದ್ದು ನಾಲ್ಕೇ ಅಗುಳು. ಇನ್ನೂ ಒಂದು ಗೇಣು ಉಳಿದಿದೆ. ದಸರಾ ರಜೆಗೆ ಮೊಮ್ಮಗಳು ಊರಿಗೆ ಬರುತ್ತಾಳೆ.