ಬಟ್ಟೆ ಮುಚ್ಚಿದ ಬಕೆಟ್ಟು

ಡೇರಿಯಲ್ಲಿ ಇಪ್ಪತ್ತೆರಡು ವರ್ಷ ಹಾಲು ಪರೀಕ್ಷೆ ಮಾಡಿದವನಿಗೆ ಊರವರು ಇಟ್ಟ ಹೆಸರು ಪಾಯಿಂಟಪ್ಪ. ಫ್ಯಾಟು ನಾಲ್ಕು ಎಂದು ಅವನ ಬಾಯಲ್ಲಿ ಬಂದದ್ದಿಲ್ಲ. ಮೂರು ಪಾಯಿಂಟ್ ಒಂಬತ್ತು ಎನ್ನುತ್ತಿದ್ದ.

“ಆ ಒಂದು ಪಾಯಿಂಟು ಮಾವನ ಮನೆಗೆ ಕಟ್ಕೊಂಡು ಹೋಗ್ತೀಯೇನೋ?” ಎಂದು ಸಾಲಿನಲ್ಲಿ ನಿಂತವರು ಕೆಣಕುತ್ತಿದ್ದರು.

“ನಿಮ್ಮ ಹಸು ಕೊಟ್ಟಿದ್ರೆ ತಾನೇ ಕಟ್ಕೊಂಡು ಹೋಗೋಕೆ!” ಎಂದು ಅವನು ಲ್ಯಾಕ್ಟೋಮೀಟರ್ ತೊಳೆದು ಮುಂದಿನವರ ಹಾಲಿಗೆ ಇಳಿಸುತ್ತಿದ್ದ.

ಅವನನ್ನು ಸಾಕಿದ್ದು ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿನೈದು. ಮದುವೆಯ ಮಾತು ಬಂದಾಗಲೆಲ್ಲ “ಇವನೊಂದು ದಡ ಸೇರ್ಲಿ” ಎನ್ನುತ್ತಿದ್ದವಳು ಕೊನೆಗೆ ಒಂಟಿಯಾಗಿಯೇ ಉಳಿದಳು. ತಮ್ಮ ಬೇರೆ ಸಂಸಾರ ಹೂಡಿದ ಮೇಲೆ ಅವಳ ಪಾಲಿಗಿದ್ದದ್ದು ಹಣೆಯಲ್ಲಿ ಬಿಳಿ ಮಚ್ಚೆಯ ಒಂದು ಕಪ್ಪು ಹಸು. ಹಾಲು ಕರೆದು ಏಳುವ ಮೊದಲೇ ಬಕೆಟ್ಟಿಗೆ ಬಟ್ಟೆ ಮುಚ್ಚುತ್ತಿದ್ದಳು. ಹಿಂದಿನ ಹಸುವಿಗೆ, ಯಾರೋ “ಅಬ್ಬಾ, ಎಷ್ಟು ಹಾಲು!” ಎಂದ ವಾರದಲ್ಲೇ ಕೆಚ್ಚಲು ಬಾವು ಬಂದು ಹಾಲು ಬತ್ತಿತ್ತು. ಅದು ಕಣ್ಣಿನಿಂದಲ್ಲ, ರೋಗಾಣುವಿನಿಂದ ಎಂದು ತಮ್ಮ ಎಷ್ಟೋ ಸಲ ಹೇಳಿದ್ದ.

“ಇರ್ಬೋದಪ್ಪ. ಬಟ್ಟೆ ಮುಚ್ಚಿದ್ರೆ ನಿನ್ನ ರೋಗಾಣುನೂ ಬೀಳಲ್ಲ ಬಿಡು.”

ಬೆಟ್ಟದ ಈ ಕಡೆಗೆ ಹಾಲಿನ ಲಾರಿ ಬರುತ್ತಿದ್ದದ್ದು ಬೆಳಗ್ಗೆ ಮಾತ್ರ. ಸಂಜೆಯ ಹಾಲನ್ನು ತಣ್ಣಗಿಡುವ ಟ್ಯಾಂಕಿಲ್ಲದ್ದರಿಂದ ಡೇರಿ ಅದನ್ನು ಕೊಳ್ಳುತ್ತಿರಲಿಲ್ಲ. ಒಂದು ವರ್ಷ ಸರ್ಕಾರದವರು ಹೈನುಗಾರಿಕೆಗೆ ಯಾವ ಪ್ರದೇಶ ತಕ್ಕದ್ದೆಂದು ಸರ್ವೆ ಮಾಡಿಸಿದರು. ಇದ್ದದ್ದು ಒಂದೇ ಟ್ಯಾಂಕು. ಬೆಟ್ಟದ ಯಾವ ಕಡೆ ಹಾಲು ಹೆಚ್ಚೋ ಆ ಕಡೆಗೆ. ಈ ಕಡೆಯ ಮನೆಗಳ ಫಾರಂ ತುಂಬುವ ಕೆಲಸ ಪಾಯಿಂಟಪ್ಪನಿಗೆ ಬಂತು. ಮಾಲೀಕರು ಹೇಳಿದ್ದನ್ನೇ ಬರೆಯಬೇಕು ಎಂದು ಫಾರಂ ಮೇಲೆ ಅಚ್ಚಾಗಿತ್ತು.

ಟ್ಯಾಂಕಿನ ವಿಷಯ ಬಿಡಿಸಿ ಹೇಳಿದರೂ ಮನೆಮನೆಯಲ್ಲೂ ಒಂದೇ ರಾಗ. “ಎಲ್ಲಪ್ಪ ಹಾಲು? ಕರುವಿಗೇ ಸಾಲಲ್ಲ.” ಕೊನೆಗೆ ಅಕ್ಕನ ಮನೆ.

“ದಿನಕ್ಕೆಷ್ಟು ಲೀಟರ್?”

“ಆರು.”

“ಅಕ್ಕಾ, ನನ್ನ ಹತ್ರಾನೂ?”

“ಹೇಳಿದ್ನಲ್ಲ, ಆರು. ಹಸು ಪಕ್ಕದಲ್ಲೇ ನಿಂತಿದೆ, ಮೆಲ್ಲಗೆ ಮಾತಾಡು.”

ಬಕೆಟ್ಟಿಗೆ ಬೀಳುವ ಧಾರೆಯ ಸದ್ದು ಕೇಳಿ ಎಷ್ಟು ತುಂಬಿತೆಂದು ಹೇಳಬಲ್ಲ ಕಿವಿ ಅವನದು. ಬೆಳಗ್ಗೆ ಎಂಟು, ಸಂಜೆ ಆರು. ಊರಿನವರದೆಲ್ಲ ಹಾಗೇ ಬರೆದು ಅಕ್ಕನದೊಂದನ್ನು ತಿದ್ದುವುದು ಸರಿಯಲ್ಲ ಎಂದುಕೊಂಡ. ಬರೆದ: ಆರು ಪಾಯಿಂಟ್ ಸೊನ್ನೆ. ಫಾರಂ ಕೆಳಗೆ ‘ಷರಾ’ ಎಂದು ಮೂರು ಗೆರೆ ಖಾಲಿ ಇತ್ತು. ಇಲ್ಲಿಯ ಜನ ಕಣ್ಣು ಬೀಳುತ್ತದೆಂದು ಕಡಿಮೆ ಹೇಳುತ್ತಾರೆ ಎಂದು ಅಲ್ಲಿ ಬರೆಯಬಹುದಿತ್ತು. ಕೇಳದಿದ್ದದ್ದನ್ನು ಬರೆದು ಅವನಿಗೆ ಅಭ್ಯಾಸವಿರಲಿಲ್ಲ.

ಟ್ಯಾಂಕು ಬೆಟ್ಟದ ಆ ಕಡೆಗೆ ಹೋಯಿತು.

ಅಕ್ಕ ಇನ್ನೂ ಎರಡು ವರ್ಷ ಹಸು ಕಟ್ಟಿಕೊಂಡು ಏಗಿದಳು. ಸಂಜೆಯ ಹಾಲಿನಲ್ಲಿ ಕರುವಿಗೆ ಬಿಟ್ಟು, ಮೊಸರು ಮಾಡಿ, ಮಿಕ್ಕಿದ್ದನ್ನು ಕತ್ತಲಾಗುವ ಮೊದಲು ತಿಪ್ಪೆಗೆ ಸುರಿಯುತ್ತಿದ್ದಳು.

“ಡೇರಿಗೆ ಹೋಗೋದು ಅರ್ಧ ಹಸು, ಮೇವು ತಿನ್ನೋದು ಇಡೀ ಹಸು. ಇನ್ನು ಆಗಲ್ಲ ಕಣೋ.”

“ಮೇವು ನಾನು ತಂದ್ಹಾಕ್ತೀನಕ್ಕ.”

“ದಿನಾ ಸುರಿಯೋದನ್ನೂ ನೀನೇ ಬಂದು ಸುರೀತೀಯಾ?”

ಕೊಳ್ಳಲು ಬಂದವನು ಬೆಟ್ಟದ ಆ ಕಡೆಯವನು. ಅಳತೆ ಪಾತ್ರೆ ತರಲು ಹೇಳಿ ತಮ್ಮನನ್ನೂ ಕರೆಸಿದ್ದ ಅಕ್ಕ, ದಿನಕ್ಕೆ ಹದಿನಾಲ್ಕು ಲೀಟರ್ ಎಂದಳು. “ಹದಿನಾಲ್ಕಾ? ಈ ಕಡೆ ಹಸುಗಳು ಆರರ ಮೇಲೆ ಕೊಡಲ್ಲ ಅಂತ ಸರ್ವೆನಲ್ಲೇ ಇದೆಯಂತಲ್ಲಮ್ಮ,” ಎಂದು ನಕ್ಕ. ಅಕ್ಕ ಕುಕ್ಕರಗಾಲಲ್ಲಿ ಕೂತು ಕರೆದಳು. ಎದ್ದಾಗ ಬಟ್ಟೆ ಅವಳ ಹೆಗಲ ಮೇಲೇ ಇತ್ತು. ನೊರೆ ತುಳುಕುವ ಬಕೆಟ್ಟನ್ನು ಬೀದಿಯವರೆಲ್ಲ ನೋಡುವಂತೆ ತಂದು ತಮ್ಮನ ಮುಂದಿಟ್ಟಳು.

“ಅಳೆ.”

ಅವನು ಅಳೆದ. “ಎಂಟು ಪಾಯಿಂಟ್ ಎರಡು.”

“ಸಂಜೆ ಆರು. ನಿಂಗೊತ್ತಿತ್ತಲ್ವಾ?”

“ಗೊತ್ತಿತ್ತಕ್ಕ.”

“ನಾನು ದಡ್ಡಿ, ಹೆದರಿದೆ. ನೀನು?”

ಅವನು ಅಳತೆ ಪಾತ್ರೆಯ ಅಂಚು ಒರೆಸಿದ. ಅವಳು ಆಮೇಲೆ ಹೋಗಿ ಹಗ್ಗ ಬಿಚ್ಚಿದಳು. ಹಸುವೂ ಕರುವೂ ಗಾಡಿ ಹತ್ತಿದ ಮೇಲೆ ಹೆಗಲ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೊಂಡವನ ಕೈಗಿಟ್ಟಳು.

“ಕರೆದ ಮೇಲೆ ಇದನ್ನ ಮುಚ್ಚಿ. ಜನ ನೋಡೋ ಹಾಗೆ ಹಿಡ್ಕೊಂಡು ಹೋಗ್ಬೇಡಿ.”

ಗಾಡಿ ತಿರುವು ದಾಟಿತು. ಪಾಯಿಂಟಪ್ಪ ಅಳತೆ ಪಾತ್ರೆಯಲ್ಲಿದ್ದ ಹಾಲನ್ನು ಎಲ್ಲಿಡಬೇಕೆಂದು ತೋಚದೆ ಅಂಗಳದಲ್ಲೇ ನಿಂತಿದ್ದ.