ದುಮ್ಮವಾಡದಿಂದ ನವಲಗುಂದಕ್ಕೆ, ಹನ್ನೆರಡು ಖೋ ಖೋ ಹುಡುಗಿಯರ ಜೊತೆ

ಮುಂಜಾನೆ ಆರೂವರೆಯ ಬಸ್ಸಿಗೆ ದುಮ್ಮವಾಡ ಬಿಟ್ಟೆವು. ಪಿ.ಟಿ. ಮಾಸ್ತರಿಗೆ ಜ್ವರ ಬಂದಿದ್ದರಿಂದ ನಮ್ಮ ಹೈಸ್ಕೂಲಿನ ಹನ್ನೆರಡು ಖೋ ಖೋ ಹುಡುಗಿಯರನ್ನು ನವಲಗುಂದದ ಪಂದ್ಯಕ್ಕೆ ಕರೆದೊಯ್ಯುವ ಕೆಲಸ ಗಣಿತ ಕಲಿಸುವ ನನ್ನ ಕೊರಳಿಗೆ ಬಿತ್ತು. ಆ ಆಟದ ಕಾಯಿದೆಗಳು ನನಗೆ ಅಷ್ಟಕ್ಕಷ್ಟೇ. ಕಂಡಕ್ಟರ್ ಹುಡುಗಿಯರಿಗೆಲ್ಲ ಶೂನ್ಯ ಟಿಕೆಟ್ ಕೊಟ್ಟು, ನನ್ನೊಬ್ಬನ ಮುಂದೆ ಕೈ ಚಾಚಿದ.

"ಸರ ಒಬ್ರ ರೊಕ್ಕಾ ಕೊಟ್ಟು ಬರಾಕತ್ತಾರ, ಕಿಟಕಿ ಬಾಜೂ ಸೀಟ್ ಬಿಡ್ರೇ ಅವರಿಗೆ!" ಎಂದಳು ತಂಡದ ನಾಯಕಿ ರೇಣುಕಾ. ಇಡೀ ಬಸ್ಸು ನಕ್ಕಿತು.

ಕಲಘಟಗಿಯಲ್ಲಿ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ನವಲಗುಂದ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರ್. ಹೆಸರುಕಾಳಿನ ಸುಗ್ಗಿ; ಊರು ಬಂದಲ್ಲೆಲ್ಲ ರಸ್ತೆಯಂಚಿಗೆ ಕಾಳು ಒಣಹಾಕಿದ್ದರು. ರೇಣುಕಾ ಮತ್ತು ಅವಳ ಜೀವದ ಗೆಳತಿ ಶಬಾನಾ ಒಂದೇ ಸೀಟಿನಲ್ಲಿ ಒಬ್ಬರಿಗೊಬ್ಬರು ಒರಗಿ ನಿದ್ದೆಹೋದರು.

ಹಿಂದಿನ ದಿನ ಮಳೆಯಾಗಿ ಮೈದಾನದ ಎರೆಮಣ್ಣು ಕಾಲಿಗೆ ಮೆತ್ತುತ್ತಿತ್ತು. ಮೊದಲ ಪಂದ್ಯ ಸಲೀಸಾಗಿ ಗೆದ್ದರು. ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗ ಒಬ್ಬೊಬ್ಬರ ಗಂಟಲೂ ಮುಗಿಲಿಗೆ ಮುಟ್ಟಿತ್ತು. "ಕಪ್ಪು ಇಡಾಕ ಸ್ಟಾಫ್ ರೂಮಿನ್ಯಾಗ ಜಾಗಾ ಮಾಡ್ರಿ ಸರ" ಎಂದಳು ಶಬಾನಾ. ನಾನೂ ಬೀರುವಿನ ಮೇಲಿನ ಗ್ಲೋಬು ತೆಗೆಸಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಫೈನಲ್ಲಿನ ಕೊನೆಯ ಗಳಿಗೆ. ಸರಿಸಮ ಆಗಲು ಒಬ್ಬಳನ್ನು ಔಟ್ ಮಾಡಿದರೆ ಸಾಕಿತ್ತು. ಬೆನ್ನಟ್ಟುತ್ತಿದ್ದ ರೇಣುಕಾ, ಸಾಲಿನಲ್ಲಿ ಕೂತಿದ್ದ ಶಬಾನಾಳ ಬೆನ್ನ ಹಿಂದೆ ಬಂದಳು. ಬೆನ್ನು ಮುಟ್ಟಿ ಖೋ ಎಂದ ಮೇಲೆಯೇ ಕೂತವಳು ಏಳಬೇಕು. ಶಬಾನಾ ಅದಕ್ಕೂ ಮೊದಲೇ ಎದ್ದು ಓಡಿ ಎದುರಾಳಿಯನ್ನು ಮುಟ್ಟಿದಳು. ನಾವು ಕುಣಿದೆವು. ಅಂಪೈರು ಫೌಲ್ ಎಂದು ಸೀಟಿ ಊದಿದರು. ಅವಳು ತಿರುಗಿ ಬಂದು ಕೂರುವಷ್ಟರಲ್ಲಿ ಸಮಯ ಮುಗಿಯಿತು. ಒಂದೇ ಅಂಕದಿಂದ ಸೋತೆವು.

"ನಾ ಬಾಯಿ ತೆಗಿಯೂದ್ರಾಗ ಎದ್ದೆಲ್ಲ! ನಿನ್ನ ಅವಸರಾ ಎಲ್ಲಾರನ್ನೂ ಮುಳುಗಿಸ್ತು!" ರೇಣುಕಾ ಎಲ್ಲರೆದುರು ಚೀರಿದಳು.

ಬಸ್ ನಿಲ್ದಾಣದಲ್ಲಿ ಮಂಡಕ್ಕಿಯ ಗಿರ್ಮಿಟ್ ಕೊಡಿಸಿದೆ. ಶಬಾನಾ ಮುಟ್ಟಲಿಲ್ಲ. "ನಾಳಿಂದ ನಾ ಆಡಾಕ ಬರೂದಿಲ್ರಿ ಸರ" ಎಂದಳು. ಸೋಲು ಗೆಲುವು ಇದ್ದದ್ದೇ ಎಂದು ಏನೋ ಒದರಿದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಅವಳನ್ನು ಹಾಗೆ ನೋಡಲು ಸಂಕಟವಾಗುತ್ತಿತ್ತು.

ಹುಬ್ಬಳ್ಳಿ ಬಸ್ಸಿನಲ್ಲಿ ಶಬಾನಾ ಮುಂದಿನ ಸೀಟು ಹಿಡಿದಳು, ರೇಣುಕಾ ಹಿಂದಿನದು. ನಾನು ರೇಣುಕಾಳ ಬಳಿ ಕೂತು, ನಿಜಕ್ಕೂ ತಿಳಿಯದೆ ಕೇಳಿದೆ: "ನೀ ಖೋ ಅನ್ನೂದ್ರಾಗ ಆಕಿ ಹೆಂಗ ಎದ್ದಳವಾ?"

"ಆಕಿಗೆ ನನ್ನ ಹೆಜ್ಜಿ ಸಪ್ಪಳಾ ಗೊತ್ತೈತ್ರಿ ಸರ. ಸಾಲಿ ಗ್ರೌಂಡಿನ್ಯಾಗ ದಿನಾ ಹಂಗ ಆಡ್ತೇವ್ರಿ. ನಾ ಬಂದೆ ಅಂದ್ರ ಆಕಿ ಏಳ್ತಾಳ. ಅದಕ್ಕ ನಾನೂ ಖೋ ಅನ್ನೂದು ತಡಾನ..."

ಮಾತು ಅರ್ಧಕ್ಕೇ ಬಿಟ್ಟು ಅವಳು ಶಬಾನಾ ಕೂತಿದ್ದ ಮುಂದಿನ ಸೀಟಿನತ್ತ ನೋಡಿದಳು.

ಹೊತ್ತು ಮುಳುಗುವಾಗ ದುಮ್ಮವಾಡ ಮುಟ್ಟಿದೆವು. ಶಬಾನಾಳ ತಂದೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. "ಏನಾತು, ಗೆದ್ರಿಲ್ಲೋ?" ಎಂದರು. ರೇಣುಕಾ ಮುಂದೆ ಬಂದಳು.

"ಸೋತ್ವಿ ಕಾಕಾ. ತಪ್ಪು ನಂದು. ಖೋ ಅನ್ನೂದು ತಡಾ ಮಾಡಿದೆ."

ಶಬಾನಾ ತಂದೆಯತ್ತ ತಿರುಗಿ ಸಿಡಿದೆದ್ದಳು. "ಸುಳ್ಳು ಹೇಳಾಕತ್ತಾಳ ಅಬ್ಬಾ! ಮೊದಲ ಎದ್ದಾಕಿ ನಾನು!"

"ತಡಾ ಮಾಡಿದಾಕಿ ನಾನು!"

"ನಾನು ಅಂದ್ರ ನಾನು!"

ಆ ತಂದೆ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ನನಗೋ ನಗು ತಡೆಯಲಾಗಲಿಲ್ಲ, ಕಣ್ಣೂ ಒದ್ದೆಯಾಗಿತ್ತು. ಮಗಳನ್ನು ಹತ್ತಿಸಿಕೊಂಡು ಅವರು ಬೈಕ್ ಶುರು ಮಾಡಿದರು.

"ನಾಳಿ ಗ್ರೌಂಡಿಗೆ ಬಾ, ಯಾರ ತಪ್ಪಂತ ತೋರಸ್ತೀನಿ!" ರೇಣುಕಾ ಹಿಂದಿನಿಂದ ಕೂಗಿದಳು.

"ಬರ್ತೀನಿ ಬೇ! ನಿನಗಿಂತ ಮೊದಲ ಬಂದು ನಿಂತಿರ್ತೀನಿ!"

ಬೈಕು ತಿರುವು ದಾಟುವವರೆಗೂ ಶಬಾನಾ ಹಿಂದೆ ತಿರುಗಿ ಜಗಳಾಡುತ್ತಲೇ ಇದ್ದಳು.