ಸವಳು ಮಣ್ಣಿನ ಮಾಳಿಗೆ

ಎಂಬತ್ತರ ದಶಕದಲ್ಲಿ ನಾನು ರಾಯಚೂರಿನಲ್ಲಿ ಮನೆ ಕಟ್ಟಿಸಿದೆ. ನಕ್ಷೆ ಹಾಕಿಕೊಟ್ಟ ಇಂಜಿನಿಯರ್ ಸಾಹೇಬನಷ್ಟು ಮಣ್ಣನ್ನು ಹೊಗಳಿದವರನ್ನೂ ಕಂಡಿಲ್ಲ, ಅವನಷ್ಟು ಮಣ್ಣು ತಿಳಿಯದವರನ್ನೂ ಕಂಡಿಲ್ಲ. ನಿಸರ್ಗದ ಮಡಿಲಲ್ಲಿ ಕೂತಂಥ ಮನೆ, ಸಿಮೆಂಟು ಮುಟ್ಟದ ಮನೆ, ಬೇಸಿಗೆಗೆ ಫ್ಯಾನು ಬೇಡದ ಮನೆ ಎಂದೆಲ್ಲ ಆತ ಹೇಳುತ್ತಿದ್ದುದು ತನ್ನ ಆರ್‌ಸಿಸಿ ಮನೆಯಲ್ಲಿ, ಫ್ಯಾನಿನ ಕೆಳಗೆ ಕೂತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಹೊಸದಾಗಿ ಮಾಸ್ತರಿಕೆ ಸಿಕ್ಕಿತ್ತು. ನಾಲ್ಕು ಜನ ನಿಂತು ನೋಡುವಂಥ ಮನೆ ಬೇಕಿತ್ತು.

ಮರದ ಜಂತೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ ಎಂದರೇನೆಂದು ಬಲ್ಲವಳು ನಮ್ಮವ್ವ. ಎಪ್ಪತ್ತರ ದಶಕದಲ್ಲಿ ದೇವದುರ್ಗದ ದೊಡ್ಡವರ ಮನೆಗಳಿಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸವಳು ಹಾಕುತ್ತಿದ್ದವಳು. ಸವಳೆಂದರೆ ಬೆಳೆ ಬಾರದ ಉಪ್ಪುಮಣ್ಣು. ಹೊಲಕ್ಕೆ ಅದು ಶನಿ, ಮಾಳಿಗೆಗೆ ಅದೇ ಛತ್ರಿ. ಮಳೆ ಬಿದ್ದರೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಹಳ್ಳದ ದಂಡೆಯಿಂದ ಬುಟ್ಟಿಯಲ್ಲಿ ಹೊತ್ತು ತಂದು, ಹಿತ್ತಲ ಗೋಡೆಗಿಟ್ಟ ಏಣಿ ಹತ್ತಿ ಹಾಕಿ, ಅದೇ ಏಣಿಯಿಂದ ಇಳಿಯಬೇಕು. ನಮ್ಮ ಜನ ಆ ಹೊಸ್ತಿಲು ದಾಟುವಂತಿರಲಿಲ್ಲ. ನಾವಿದ್ದದ್ದು ಹುಲ್ಲಿನ ಗುಡಿಸಲಿನಲ್ಲಿ. ತಾನೇ ಹಾಕಿದ ಸವಳಿನ ಕೆಳಗೆ ಒಮ್ಮೆಯಾದರೂ ಮಲಗಬೇಕೆಂಬುದು ಅವಳ ಆಸೆ. ಮನೆಯ ಮಾತು ಬಂದಾಗಲೆಲ್ಲ ಅದನ್ನೇ ಹೇಳುತ್ತಿದ್ದಳು.

ನಕ್ಷೆ ಹಿಡಿದು ಸಾಹೇಬ ಬಂದ ದಿನವೂ ಹೇಳಿದಳು. "ಮ್ಯಾಲ ಸವಳು ಹಾಕಸ್ರಿ ಸಾಹೇಬ್ರ. ನಾನೇ ಹಾಕ್ತೀನಿ."

ಸಾಹೇಬ ನಕ್ಕ. ಅವನು ಓದಿದ ಪುಸ್ತಕದಲ್ಲಿ ಸವಳೆಂದರೆ ಕೆಟ್ಟ ಮಣ್ಣು, ಅಷ್ಟೇ. "ಅದು ಸತ್ತ ಮಣ್ಣು ಅಮ್ಮಾ. ಮಾನ್ವಿ ಕಡಿಯಿಂದ ಚಲೋ ಎರಿ ಮಣ್ಣು ತರಸೋಣ. ಮಾಳಿಗಿ ಮ್ಯಾಲ ಹುಲ್ಲು ಬೆಳಿತದ."

"ಎರಿ ಬ್ಯಾಸಗ್ಯಾಗ ಬಾಯಿ ಬಿಡ್ತದರೀ," ಎಂದಳು ಅವ್ವ.

"ನೀ ಸುಮ್ನ ಕೂಡು ಬೇ. ಮಣ್ಣು ಹೊರೋ ದಿನ ಮುಗದ್ವು," ಎಂದೆ ನಾನು. ಪ್ರೀತಿಯಿಂದ ಹೇಳಿದೆನೆಂದು ಬಹಳ ದಿನ ನಂಬಿಕೊಂಡಿದ್ದೆ. ಸುಳ್ಳು. ಮಾಸ್ತರನ ತಾಯಿ ಬುಟ್ಟಿ ಹೊತ್ತರೆ ಓಣಿಯವರು ಏನೆಂದಾರು ಎಂಬ ನಾಚಿಕೆ ಅದು. ಸಾಹೇಬ ಮೂರ್ಖ, ಸರಿ. ನಾನು ಅವನಿಗಿಂತ ಕಡೆ.

ಕಪ್ಪು ಎರೆ ಮಣ್ಣು ಬಂತು, ಹುಲ್ಲೂ ಬಂತು. ಕುಡಿಯುವ ನೀರಿಗೇ ಕೊಡ ಸಾಲು ಹಚ್ಚುವ ಊರಲ್ಲಿ ಹುಲ್ಲಿಗೆ ನೀರು ಕೊಡುವವರು ಯಾರು? ಬೇಸಿಗೆಗೆ ಅದು ಒಣಗಿತು, ಮಣ್ಣು ಬೆರಳು ಹೋಗುವಷ್ಟು ಬಿರಿಯಿತು. ಮೊದಲ ದೊಡ್ಡ ಮಳೆಗೆ ಅವ್ವನ ಹೊರಸಿನ ಮೇಲೆ ಕರಿ ನೀರು ಸುರಿಯಿತು. ಕರೆಸಿದಾಗ ಸಾಹೇಬ ಬಂದು ಮೇಲೆ ನೋಡಿ, "ಮಣ್ಣಿನ ಮನಿ ಉಸಿರಾಡ್ತದರೀ ಮಾಸ್ತರ," ಎಂದ.

"ಉಸಿರಾಡ್ಲಿ ಸಾಹೇಬ್ರ," ಅವ್ವ ಕೌದಿ ಹಿಂಡುತ್ತ ಹೇಳಿದಳು. "ಉಚ್ಚಿ ಯಾಕ ಹೊಯ್ಯಾಕತ್ತದ?"

ಸಾಹೇಬ ಹೋಗುವ ಅವಸರದಲ್ಲಿ ಛತ್ರಿ ಮರೆತ. ಅವನಿಂದ ನಮ್ಮ ಮನೆಯೊಳಗೆ ಉಪಯೋಗಕ್ಕೆ ಬಂದದ್ದು ಅದೊಂದೇ.

ಮಳೆ ಬಿಡುವು ಕೊಟ್ಟಾಗ ಅವ್ವ ನನ್ನನ್ನು ಕೇಳಲಿಲ್ಲ. ಎರೆಯನ್ನೆಲ್ಲ ಕೆಳಗೆ ತಳ್ಳಿಸಿ, ದೇವದುರ್ಗದ ಕಡೆಯಿಂದ ಲಾರಿಯಲ್ಲಿ ಸವಳು ತರಿಸಿದಳು. ಒಳಗೆ ಮೆಟ್ಟಿಲಿದ್ದರೂ ರೂಢಿಯಂತೆ ಹಿತ್ತಲ ಗೋಡೆಗೇ ಏಣಿ ಹಚ್ಚಿದಳು. ನನ್ನ ತಲೆಗೂ ಒಂದು ಬುಟ್ಟಿ ಏರಿಸಿದಳು. ಓಣಿಯವರು ನಿಂತು ನೋಡಿದರು. ಅಂಥ ಮನೆಯೇ ತಾನೇ ನನಗೆ ಬೇಕಿದ್ದದ್ದು.

ಮುಂದಿನ ಮಳೆ ಒಂದು ಮಧ್ಯಾಹ್ನ ಬಂತು. ಎರಡು ತಾಸು ಹೊಡೆದರೂ ಒಂದು ಹನಿ ಒಳಗೆ ಬರಲಿಲ್ಲ. ಅವ್ವ ಹೊರಸಿನ ಮೇಲೆ ಅಂಗಾತ ಮಲಗಿ ಜಂತೆಗಳನ್ನೇ ನೋಡುತ್ತಿದ್ದಳು. ಅವಳನ್ನು ಮೆಚ್ಚಿಸಲು ನಾನು, "ನೀ ಹಾಕಿದ ಮಾಳಿಗಿ ಎಂದಾರ ಸೋರಿದ್ದದ ಏನು ಬೇ?" ಎಂದೆ.

"ಯಾರಿಗ್ಗೊತ್ತಪ್ಪ," ಎಂದಳು. "ಒಳಗ ಹೋಗಿ ನೋಡಿದ್ದಿಲ್ಲಲ್ಲ."